ಹತ್ತೊಂಬತ್ತು ಹರಳು ಬೀಜಗಳು

“ಗುರುಗಳೇ, ಒಂದನೆಯ ತರಗತಿಯ ಮಕ್ಕಳಿಗೆ ಮೊದಲು ಯಾವ ವಿಷಯ ಕಲಿಸಬೇಕು?” ಎಂದು ನಿರ್ವಾಣಪ್ಪ ಕೇಳಿದ.

ನಿರ್ವಾಣಪ್ಪ ನನ್ನ ಹಳೆಯ ಶಿಷ್ಯ. ಮೇಷ್ಟ್ರಾಗಿ ನೇಮಕದ ಪತ್ರ ಬಂದು ಮೂರು ದಿನವಾಗಿತ್ತು. ಸೋಮವಾರ ಶಾಲೆ ಸೇರಬೇಕು. ಕೈಯಲ್ಲೊಂದು ವೇಳಾಪಟ್ಟಿ ಹಿಡಿದು ನಾನು ಕೂತಿದ್ದ ಚಹಾದಂಗಡಿಗೆ ಬಂದಿದ್ದ. ಕನ್ನಡಕ್ಕೆ ಕೆಂಪು ಗೆರೆ, ಗಣಿತಕ್ಕೆ ನೀಲಿ, ಪರಿಸರಕ್ಕೆ ಹಸಿರು. ಒಂದು ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಇಷ್ಟೆಲ್ಲ ಮಾಡಿಯೂ ಮೊದಲ ಪೀರಿಯಡ್ಡಿನ ಮನೆ ಖಾಲಿ ಉಳಿದಿತ್ತು.

“ಈ ನಾಡಿನ ಅರ್ಧ ಜನರ ಕೈಹಿಡಿದು ಅಕ್ಷರ ತಿದ್ದಿಸಿದವನು ನಾನು” ಎಂದೆ. ಅವನು ನನ್ನ ಮುಖವನ್ನೇ ನೋಡಿದ. “ಆಯಿತಪ್ಪ, ಸುಳ್ಳು. ನಲವತ್ತೊಂದು ಜನ. ನಿನ್ನ ಅಕ್ಷರ ನೋಡಿದರೆ ನಲವತ್ತು ಅಂತಲೇ ಇಟ್ಟುಕೋ. ಈಗ ಕತೆ ಕೇಳು.”

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮಗಳು ಒಂದನೆಯ ತರಗತಿಗೆ ಹೋಗುತ್ತಿದ್ದಳು. ದಿನಾ ಸಂಜೆ ಅವನು, “ಇವತ್ತೇನು ಕಲಿತೆ?” ಎಂದು ಕೇಳುವನು. ಒಂದು ದಿನ ಅವಳು, “ಬೀಜಕ್ಕೆ ಹೆಸರಿಟ್ಟೆ ಅಪ್ಪಾ” ಎಂದಳು. ವ್ಯಾಪಾರಿಗೆ ಸಿಟ್ಟು ಬಂತು. ಮುಂದಿನ ವರ್ಷ ಇವಳನ್ನು ಪೇಟೆಯ ಶಾಲೆಗೆ ಹಾಕುವುದೇ ಸರಿ, ಅಲ್ಲಿ ವಿಷಯಕ್ಕೊಂದು ಪುಸ್ತಕವಾದರೂ ಇರುತ್ತದೆ ಎಂದುಕೊಂಡ.

ನಡೆದದ್ದಿಷ್ಟು. ಎಣಿಸಲಿಕ್ಕೆ ಇಪ್ಪತ್ತು ಏನಾದರೂ ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ಎಲ್ಲರೂ ಹುಣಸೆ ಬೀಜ ತಂದರು. ಇವಳು ಬೇಲಿಯ ಗಿಡದಿಂದ ಹರಳು ಬೀಜ ಆರಿಸಿ ತಂದಳು. ಹರಳು ಬೀಜದ ಮೈಮೇಲೆ ಚುಕ್ಕೆ, ಗೆರೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಹಾಳೆಯ ಮೇಲೆ ಪ್ರತಿ ಬೀಜಕ್ಕೂ ಅದರ ಚಿತ್ರ ಬರೆದು, ಕೆಳಗೆ ಹೆಸರು ಬರೆದಳು. ಕಾಗುಣಿತ ಇನ್ನೂ ಕಲಿತಿರಲಿಲ್ಲವಾಗಿ ಹೆಸರುಗಳೂ ಅಂಥವೇ: ಅರಸ, ಬಸವ, ಕಮಲ, ಜನಕ, ಗರಗಸ.

ಭಾನುವಾರ ಬೀಜದ ಡಬ್ಬಿ ಜಗಲಿಯಲ್ಲಿ ತೆರೆದೇ ಇತ್ತು. ಅಂಬೆಗಾಲಿಡುವ ತಮ್ಮ ಹೋಗಿ ಅದನ್ನು ಬೋರಲು ಹಾಕಿದ. ತಾಯಿ ಬಂದು ನೋಡುವಾಗ ಅವನ ಮುಷ್ಟಿಯಲ್ಲಿ ಜೊಲ್ಲಿನಿಂದ ಒದ್ದೆಯಾದ ಒಂದು ಬೀಜ. ಹರಳು ಬೀಜ ಮಕ್ಕಳ ಹೊಟ್ಟೆಗೆ ವಿಷ. ಅವಳು ಬಾಯೊಳಗೆ ಬೆರಳು ಹಾಕಿದಳು. ಏನೂ ಸಿಗಲಿಲ್ಲ. ನುಂಗಿಬಿಟ್ಟನೋ, ನುಂಗಲೇ ಇಲ್ಲವೋ?

ವ್ಯಾಪಾರಿ ಓಡಿ ಬಂದ. “ಎಷ್ಟಿದ್ದವೇ?” ಎಂದು ಮಗಳ ಕಿವಿ ಹಿಡಿದ.

“ಇಪ್ಪತ್ತು.”

ಅವನು ನೆಲದ ಮೇಲಿನದೆಲ್ಲ ಬಾಚಿ, ಮಗುವಿನ ಮುಷ್ಟಿಯದನ್ನೂ ಸೇರಿಸಿ ಎಣಿಸಿದ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದ. ಹತ್ತೊಂಬತ್ತೇ. ತಾಯಿ ಎದೆ ಎದೆ ಬಡಿದುಕೊಂಡಳು. ಅಜ್ಜಿ ಮಗುವಿಗೆ ವಾಂತಿ ಮಾಡಿಸಲೆಂದು ಒಂದು ಲೋಟ ನೀರಿಗೆ ಹಿಡಿ ಉಪ್ಪು ಕದಡಿದಳು. ಇಷ್ಟು ಜನ ಅಳುವುದನ್ನು ಕಂಡು ಮಗುವೂ ಅಳತೊಡಗಿತು.

“ಸ್ವಲ್ಪ ತಾಳಿ ಅಪ್ಪಾ, ಯಾರಿಲ್ಲ ಅಂತ ನೋಡ್ತೀನಿ” ಎಂದಳು ಹುಡುಗಿ.

“ಯಾರಿಲ್ಲ ಅಂದ್ರೇನೇ ಪೆದ್ದಿ! ಒಂದು ಬೀಜ ಇಲ್ಲ!”

ಅವಳು ಹಾಳೆ ಹಾಸಿದಳು. ಒಂದೊಂದೇ ಬೀಜವನ್ನು ತಿರುಗಿಸಿ ನೋಡಿ ಅದರ ಚಿತ್ರದ ಮೇಲಿಟ್ಟಳು. ಅರಸ ಬಂದ. ಬಸವ ಬಂದ. ಕಮಲ ಜೊಲ್ಲು ಸುರಿಸಿಕೊಂಡೇ ಬಂದಳು. ಕೊನೆಗೆ ಒಂದು ಚಿತ್ರ ಖಾಲಿ ಉಳಿಯಿತು. ಹುಡುಗಿ ಬೆರಳಿಟ್ಟು ಹೆಸರು ಓದಿದಳು.

“ಗರಗಸ! ಅವನು ಡಬ್ಬಿಯಲ್ಲಿ ಇರಲೇ ಇಲ್ಲವಲ್ಲ. ಮೊಳಕೆ ಬರತ್ತಾ ನೋಡೋಣ ಅಂತ ಮೊನ್ನೆ ದಾಸವಾಳದ ಬುಡದಲ್ಲಿ ಹೂತಿದ್ದೀನಿ.”

ವ್ಯಾಪಾರಿ ಪಂಚೆ ಎತ್ತಿಕಟ್ಟಿ ಬರಿಗೈಯಲ್ಲಿ ಮಣ್ಣು ಕೆದರಿದ. ಬೀಜ ಸಿಕ್ಕಿತು. ನೀರು ಕುಡಿದು ಉಬ್ಬಿತ್ತು. ಹುಡುಗಿ ಅದನ್ನು ಒರೆಸಿ, ಗರಗಸದ ಹಲ್ಲಿನಂಥ ಗೆರೆ ತೋರಿಸಿದಳು. ವ್ಯಾಪಾರಿ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ತಾಯಿ ಮಗುವನ್ನು ಎದೆಗೆ ಅವುಚಿಕೊಂಡಳು. ಅಜ್ಜಿ ಉಪ್ಪುನೀರನ್ನು ಬಚ್ಚಲಿಗೆ ಚೆಲ್ಲಿದಳು. ಆ ಲೋಟ ಬೇಕೆಂದು ಮಗು ಇನ್ನಷ್ಟು ರಂಪ ಮಾಡಿತು. ಆ ರಂಪ ಅವತ್ತು ಎಲ್ಲರ ಕಿವಿಗೂ ಹಿತವಾಗಿತ್ತು.

ಮರುದಿನ ವ್ಯಾಪಾರಿ ಮೇಷ್ಟ್ರಿಗೊಂದು ಪಂಚೆ ಹಿಡಿದುಕೊಂಡು ಶಾಲೆಗೆ ಹೋದ. “ಸ್ವಾಮೀ, ನನ್ನ ಮನೆ ಉಳಿಸಿದ ಪಾಠ ಯಾವುದು? ಗಣಿತ ತಾನೇ? ಇವಳಿಗೆ ಅದೊಂದನ್ನೇ ಹೇಳಿಕೊಡಿ, ಮಿಕ್ಕದ್ದು ಬಿಡಿ” ಎಂದ.

ಇಲ್ಲಿಗೆ ನಾನು ಕತೆ ನಿಲ್ಲಿಸಿ ಬೀಡಿ ಹಚ್ಚಿದೆ. ನಿರ್ವಾಣಪ್ಪನಿಗೆ ತಡೆಯಲಾಗಲಿಲ್ಲ. ಖಾಲಿ ಮನೆಯ ಮೇಲೆ ಪೆನ್ನು ಊರಿಕೊಂಡು, “ಮೇಷ್ಟ್ರು ಏನಂದರು, ಗುರುಗಳೇ?” ಎಂದ.

“‘ಎಣಿಕೆ ನಿಮಗೂ ಬರುತ್ತಿತ್ತಲ್ಲ ಯಜಮಾನರೇ, ಎಣಿಸಿಯೇ ಅಲ್ಲವೇ ಮನೆಮಂದಿಯೆಲ್ಲ ಅತ್ತದ್ದು?’ ಅಂದರು.”

ನಿರ್ವಾಣಪ್ಪ ಪೆನ್ನಿನ ಮುಚ್ಚಳ ಹಾಕಿದ. ಆ ಖಾಲಿ ಮನೆಯನ್ನು ಹಾಗೇ ಬಿಟ್ಟು ವೇಳಾಪಟ್ಟಿ ಮಡಿಚಿದ. ಮುಖದ ಬಿಗುವು ಸಡಿಲವಾಗಿತ್ತು.

“ಹಾಗೇ ಸುಮ್ಮನಿರು ಮಗನೇ, ಒಳ್ಳೆಯದು, ಏಳುವಾಗ ನನ್ನ ಚಹಾದ ದುಡ್ಡು ಮಾತ್ರ ಕೊಟ್ಟುಬಿಡು” ಎಂದೆ.