ಹೇಳದವ್ವನ ಗುಡ್ಡ

ಕಣಜಾಪುರದ ಪಡುವಣಕ್ಕೆ, ತೊಗರಿ ಹೊಲಗಳು ಮುಗಿಯುವಲ್ಲಿ, ಒಂದು ಬೋಳು ಗುಡ್ಡವಿದೆ. ಬೋಳು ಎಂದರೆ ಪಿಂಚಣಿದಾರರ ತಲೆಯಷ್ಟೇ ಬೋಳು. ಅಂಚಿನಲ್ಲಿ ಒಂದಿಷ್ಟು ಕುರುಚಲು, ನೆತ್ತಿಯಲ್ಲಿ ಬರಿ ಬಿಸಿಲು. ಮೇಲೆ ಹತ್ತಿದರೆ ಸೂರಿಲ್ಲದ ಒಂದು ಗುಡಿ, ಮೊಣಕಾಲೆತ್ತರದ ಗೋಡೆ, ಒಳಗೆ ಕಣ್ಣು ಮೂಗು ಕೊರೆಯದ ಒಂದು ಗುಂಡುಕಲ್ಲು. ಗುಡಿಯ ಎದುರಿಗೆ ಒಬ್ಬರು ಕೂರುವಷ್ಟು ಅಗಲದ ಹಾಸುಗಲ್ಲು. ಈಚೆಗೆ ಪಕ್ಕದಲ್ಲೇ ಭೂಕಂಪ ಅಳೆಯುವ ಯಂತ್ರವನ್ನೂ ಹೂತಿದ್ದಾರೆ. ಹೂಳಲು ಬಂದ ಎಂಜಿನಿಯರರನ್ನು ಊರಿನ ಹಿರಿಯ ಧೂಳಪ್ಪ ಕೇಳಿದನಂತೆ: "ಸಾಹೇಬ್ರ, ಭೂಮಿ ಯಾವಾಗ ನಡಗ್ತದಂತ ಇದು ಮೊದಲೇ ಹೇಳ್ತದೇನ್ರಿ?" "ಇಲ್ಲಜ್ಜಾ, ನಡುಗಿದ ಮೇಲೆ ಎಷ್ಟು ನಡುಗಿತು ಅಂತ ಹೇಳುತ್ತೆ. ಮೊದಲೇ ಹೇಳೋದು ಇನ್ನೂ ಯಾರ ಕೈಲೂ ಆಗಿಲ್ಲ." ಧೂಳಪ್ಪ ನಕ್ಕು, "ಹಂಗಾದ್ರ ಇದೂ ನಮ್ಮ ಹೇಳದವ್ವನ ಬಳಗಾನೇ ಬಿಡ್ರಿ. ಸರಿಯಾದ ಜಾಗಾಕ್ಕ ಬಂದದ" ಎಂದನಂತೆ.

ಈ ಹೇಳದವ್ವ ಯಾರು ಎಂದರೆ, ಕಥೆ ಬಹಳ ಹಿಂದಕ್ಕೆ ಹೋಗುತ್ತದೆ. ಹಿಂದೆ ಒಮ್ಮೆ ಕಣಜಾಪುರದಲ್ಲಿ ಸಾತವ್ವ ಎಂಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮೈದುನನ ಹೆಂಡತಿ ಗುರವ್ವನೊಡನೆ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬಾಳುತ್ತಿದ್ದಳು. ಇಬ್ಬರೂ ನೆಗೆಣ್ಣಿಯರು ಮಾತಿಗೆ ಕೂತರೆ ಹಂಚಿನ ಮೇಲಿನ ರೊಟ್ಟಿ ಕರಕಾದರೂ ಗೊತ್ತಾಗುತ್ತಿರಲಿಲ್ಲ ಎನ್ನುತ್ತಾರೆ. ಆ ಕಾಲದಲ್ಲಿ ಊರಿನವರ ಜೋಳವೆಲ್ಲ ಅಗಸೆಬಾಗಿಲ ಮುಂದಿನ ಹಗೇವುಗಳಲ್ಲಿ, ಅಂದರೆ ನೆಲ ತೋಡಿ ಮಾಡಿದ ಕಣಜಗಳಲ್ಲಿ, ಇರುತ್ತಿತ್ತು. ಒಂದು ಮಧ್ಯಾಹ್ನ ಸಾತವ್ವ ಜೋಳ ತೆಗೆಯಲು ಹಗೇವಿಗೆ ಇಳಿದಿದ್ದಾಳೆ. ಕಾಲಡಿಯಿಂದ ಬೀಸುಕಲ್ಲು ತಿರುಗಿದಂಥ ಸದ್ದು. ಹಗೇವೇ ಕುಸಿಯುತ್ತಿದೆ ಎಂದು ಹೆದರಿ ಮೇಲೆ ಬಂದವಳು, "ಹಗೇವು ಕುಸೀತದ, ಹೊರಗ ಬರ್ರೋ!" ಎಂದು ಕೂಗಿಕೊಂಡಳು. ವರ್ಷದ ಅನ್ನವೇ ಅಲ್ಲಿದ್ದ ಮೇಲೆ ಯಾರು ಮನೆಯಲ್ಲಿ ಕೂತಾರು? ಹಾಸಿಗೆ ಹಿಡಿದವರನ್ನೂ ಕೂಸುಗಳನ್ನೂ ಎತ್ತಿಕೊಂಡು ಊರಿಗೆ ಊರೇ ಓಡಿಬಂತು. ಆಗ ಭೂಮಿ ಅಲುಗಿತು. ಕಲ್ಲು ಗೋಡೆಯ, ಆಳೆತ್ತರ ಮಣ್ಣು ಹೇರಿದ ಮಾಳಿಗೆಯ ಮನೆಗಳು ಕಣ್ಣೆದುರಿಗೇ ಕುಕ್ಕರಿಸಿ ಕೂತವು. ಜೋಳ ಉಳಿಸಲು ಓಡಿದವರು ಜೀವ ಉಳಿಸಿಕೊಂಡಿದ್ದರು.

ಧೂಳು ಅಡಗುವಷ್ಟರಲ್ಲಿ ಊರು ತೀರ್ಮಾನಕ್ಕೆ ಬಂದಿತ್ತು: ಭೂಮಿತಾಯಿ ಸಾತವ್ವನ ಕಿವಿಯಲ್ಲಿ ಮಾತಾಡುತ್ತಾಳೆ. "ಇಲ್ರೋ, ನಾನು ಹಗೇವಿಗೆ ಅಂಜಿ ಓಡಿ ಬಂದಾಕಿ" ಎಂದು ಅವಳು ಬಾಯಿ ಬಡಿದುಕೊಂಡರೂ ಯಾರು ಕೇಳುತ್ತಾರೆ? ದೊಡ್ಡವರ ದೊಡ್ಡತನ ಅದು ಎಂದರು. ಆ ಕಂಪನಕ್ಕೆ ಪಡುವಣ ಗುಡ್ಡ ಬಿರಿದಿತ್ತು. ಬಿರುಕಿನ ಪಕ್ಕದಲ್ಲಿದ್ದರೆ ಚೆನ್ನಾಗಿ ಕೇಳಿಸೀತು ಎಂದು ಅವಳನ್ನು ಬಾಜಾಭಜಂತ್ರಿಯಲ್ಲಿ ಅಲ್ಲಿಗೆ ಕರೆದೊಯ್ದು, ಹಾಸುಗಲ್ಲಿನ ಸೂರಿನ ಮನೆ ಕಟ್ಟತೊಡಗಿದರು. "ನನಗ ಹುಲ್ಲಿನ ಗುಡಸಲಾ ಸಾಕು. ಕಲ್ಲು ನೆತ್ತಿ ಮ್ಯಾಲ ಬ್ಯಾಡ" ಎಂದಳು ಸಾತವ್ವ. ಊರ ಗೌಡ ಕೈಮುಗಿದು, "ದೇವರಂಥಾಕಿಗೆ ಹುಲ್ಲಿನ ಸೂರು ಹಾಕಿದ್ರ ಊರಿಗೆ ಒಳ್ಳೇದಾಗ್ತದೇನು ತಾಯಿ?" ಎಂದ. ಕಲ್ಲಿನ ಸೂರೇ ಬಂತು.

ಮರ್ಯಾದೆಯೆಂಬುದು ಎಂಥ ದೊಡ್ಡ ಏಕಾಂತ ಎಂದು ಸಾತವ್ವನಿಗೆ ತಿಳಿದದ್ದು ಆಮೇಲೆ. ಸರದಿಯ ಮೇಲೆ ರೊಟ್ಟಿ ಬರುತ್ತಿತ್ತು. ತಂದವರು ದೂರದಲ್ಲಿ ನಿಂತು, "ಯಾವಾಗ ಬರ್ತದ್ರಿ?" ಎಂದು ಕೇಳಿ, "ಗೊತ್ತಿಲ್ಲಪ್ಪಾ" ಎಂಬ ಉತ್ತರ ಹೊತ್ತು ಇಳಿದುಹೋಗುತ್ತಿದ್ದರು. ಗುರವ್ವನ ಸರದಿ ಬರಲೆಂದು ಸಾತವ್ವ ಕಾದಳು. ಅವಳಿಗಾಗಿ ಒಂದು ಹಾಸುಗಲ್ಲನ್ನು ತಾನೇ ಎಳೆದು ತಂದು ಬಾಗಿಲ ಎದುರಿಗೆ ಹಾಕಿದಳು. ಗುರವ್ವ ಬಂದಳು, ತಲೆಯ ಮೇಲೆ ಸೆರಗು ಹೊದ್ದು ನಿಂತಳು.

"ಕೂಡು ಗುರವ್ವಾ. ಕೆಂದಾಕಳು ಈತೇನು?"

"ನಿಮ್ಮೆದುರಿಗೆ ಹೆಂಗ ಕೂಡ್ಲಿರಿ, ತಾಯಿ?"

ನಿನ್ನೆಯವರೆಗೆ 'ಏ ಅಕ್ಕಾ, ಸರಿ ಆಕಡೆ' ಎಂದು ನೂಕುತ್ತಿದ್ದವಳ ಬಾಯಲ್ಲಿ ಈ ಮಾತು! ಆಕಳು ಈದಿತೋ ಇಲ್ಲವೋ ಸಾತವ್ವನಿಗೆ ಗೊತ್ತಾಗಲೇ ಇಲ್ಲ. ಅಂದು ಅವಳು ರೊಟ್ಟಿ ಮುಟ್ಟಲಿಲ್ಲ. ಬಿರುಕಿಗೆ ಕಿವಿಯಿಟ್ಟು ಮಲಗಿದರೆ ಒಳಗೆ ಗಾಳಿಯಷ್ಟೇ ಇತ್ತು ಎನ್ನುತ್ತಾರೆ.

ಕೊನೆಗೆ ಗೌಡನೇ ಹತ್ತಿ ಬಂದು ಒಂದು ದಾರಿ ಹೇಳಿದ. "ತಾಯಿ, ಮಂದಿ ಅಂಜಿ ಸಾಯ್ಲತ್ತಾರ. ಒಂದು ದಿನ ಅಂತ ಹೇಳಿಬಿಡ್ರಿ. ಆ ದಿನ ಎಲ್ಲರೂ ಬಯಲಾಗ ಇರ್ತೀವಿ. ಬಂದ್ರ ಬಂತು, ಇಲ್ಲಂದ್ರ ನಿಮ್ಮ ದಯಾ. ಆಮ್ಯಾಲ ನಿಮಗ ಇಲ್ಲೇನು ಕೆಲಸ? ಮನಿಗಿ ನಡೀರಿ." ಮನೆ! ಒಂದು ಮಾತು ಅಂದರೆ ಸಾಕು, ಗುರವ್ವನ ಪಕ್ಕ ಒಲೆಯ ಮುಂದೆ ಕೂರಬಹುದು. ಅಮಾವಾಸ್ಯೆ ಅಂದರೂ ನಡೆಯುತ್ತಿತ್ತು. ಬಾಯಿಗೆ ಬಂದ ಮಾತನ್ನು ಸಾತವ್ವ ಬಹಳ ಹೊತ್ತು ಕಚ್ಚಿ ಹಿಡಿದಳಂತೆ. ಆಮೇಲೆ ಹೇಳಿದಳು: "ಗೌಡಾ, ನಾ ಒಂದು ದಿನ ಬರ್ತದ ಅಂದ್ರ, ಉಳಿದ ದಿನ ಬರೂದಿಲ್ಲ ಅಂತನೂ ನಾನೇ ಹೇಳಿದ್ಹಂಗಾಗ್ತದ. ಮತ್ತ ಮಣ್ಣು ಹೇರಿಕೊಂಡು ನಿಶ್ಚಿಂತಿಲೆ ಮಲಗ್ತೀರಿ. ನನಗ ಗೊತ್ತಿಲ್ಲ. ಇವತ್ತೂ ಬರಬಹುದು, ನಿನ್ನ ಮೊಮ್ಮಗನ ಕಾಲಕ್ಕೂ ಬರಬಹುದು. ಮಾಳಿಗಿ ಹಗುರ ಮಾಡ್ರಿ."

ಗೌಡ ಸಿಟ್ಟಾಗಿ ಇಳಿದುಹೋದ. "ಗೊತ್ತಿದ್ದೂ ಹೇಳದ ಅವ್ವ" ಎಂದು ಊರು ಗೊಣಗಿತು. ಹೆಸರು ಅಂದೇ ಅಂಟಿಕೊಂಡಿತು. ಆದರೆ ದಿನ ಗೊತ್ತಿಲ್ಲದವರಿಗೆ ಎಲ್ಲ ದಿನವೂ ಅದೇ ದಿನವಲ್ಲವೇ? ಗೊಣಗುತ್ತಲೇ ಒಬ್ಬೊಬ್ಬರೂ ಮತ್ತೆ ಕಟ್ಟಿದ್ದ ಮಾಳಿಗೆಯ ಮಣ್ಣಿಳಿಸಿ ಹುಲ್ಲು ಹೊದಿಸಿದರು. ಕೆಲವು ಮಳೆಗಾಲ ಕಳೆದ ಮೇಲೆ, ಯಾರೂ ನೆನೆಯದ ಒಂದು ಮುಂಜಾವಿನಲ್ಲಿ ಭೂಮಿ ಮತ್ತೆ ಅಲುಗಿತು. ಹುಲ್ಲಿನ ಸೂರುಗಳು ಜನರ ಮೇಲೆ ಕಂಬಳಿಯಂತೆ ಬಿದ್ದವು. ಕೊಡವಿಕೊಂಡು ಎದ್ದವರು, ಒಬ್ಬರೂ ಕಡಿಮೆಯಿಲ್ಲವೆಂದು ಕಂಡು, ನಗುತ್ತ ಅಳುತ್ತ ಗುಡ್ಡ ಹತ್ತಿದರು. ಎಲ್ಲರಿಗಿಂತ ಮುಂದೆ ಗುರವ್ವ, "ಅಕ್ಕಾ, ಏ ಅಕ್ಕಾ" ಎಂದು ಕೂಗುತ್ತ ಓಡುತ್ತಿದ್ದಳು. ಇಡೀ ಊರಿನಲ್ಲಿ ಕಲ್ಲಿನ ಸೂರು ಇದ್ದದ್ದು ಒಂದೇ ಮನೆಗೆ. ಅವರೇ ಭಕ್ತಿಯಿಂದ ಎತ್ತಿಟ್ಟ ಹಾಸುಗಲ್ಲುಗಳನ್ನು ಉಸಿರು ನಿಂತ ಸಾತವ್ವನ ಮೇಲಿಂದ ಅವರೇ ಎತ್ತಿ ತೆಗೆಯಬೇಕಾಯಿತು. ಗುರವ್ವ ಬಾಗಿಲೆದುರಿನ ಕಲ್ಲಿನ ಮೇಲೆ ಮೊದಲ ಸಲ ಕೂತಳು. ಆಕಳು ಈದದ್ದು, ಕರು ಬೆಳೆದದ್ದು, ಎಲ್ಲವನ್ನೂ ಹೊತ್ತು ಮುಳುಗುವವರೆಗೆ ಹೇಳಿದಳು.

ಇಂದಿಗೂ ಈ ಗುಡಿಗೆ ಸೂರು ಹಾಕುವುದಿಲ್ಲ. ದಾನಿಗಳು ಆರ್‌ಸಿಸಿ ಹಾಕಿಸುತ್ತೇವೆಂದು ಬಂದರೆ ಊರಿನವರು ಚಹಾ ಕುಡಿಸಿ ಕಳಿಸುತ್ತಾರೆ. ಇಲ್ಲಿ 'ಯಾವಾಗ' ಎಂದು ಯಾರೂ ಏನನ್ನೂ ಕೇಳುವಂತಿಲ್ಲ. ಮದುವೆ ಯಾವಾಗ, ನೌಕರಿ ಯಾವಾಗ, ಊಹೂಂ. ನಿಂತು ಕೈಮುಗಿಯುವಂತೆಯೂ ಇಲ್ಲ. ಹಾಸುಗಲ್ಲಿನ ಮೇಲೆ ಕೂತು, ಅಕ್ಕ ಎಂದು ಕರೆದು, ಮನೆಯ ಸುದ್ದಿ ಹೇಳಬೇಕು. ಕೂತು ಕೂತು ಕಲ್ಲಿನ ನಡುವೆ ತಗ್ಗು ಬಿದ್ದಿದೆ, ಹೋದವರು ನೋಡಬಹುದು. ಎದ್ದು ಬರುವಾಗ ಗುಂಡುಕಲ್ಲಿನ ನೆತ್ತಿಯ ಮೇಲೆ ಒಂದು ಹಿಡಿ ಹುಲ್ಲು ಇಟ್ಟು ಬರುತ್ತಾರೆ. ಗುಡ್ಡದ ಗಾಳಿ ಅದನ್ನು ಹಾರಿಸಿಬಿಡುತ್ತದೆ. ಮರುದಿನ ಮತ್ತೊಬ್ಬರು ತಂದು ಹೊದಿಸುತ್ತಾರೆ.