ಹುಗ್ಗಿಯೊಳಗಿನ ಬೆರಳು

ಕೃಷ್ಣಾ ತೀರದ ಆ ಊರಿನ ಬಸದಿಯ ಪಕ್ಕದಲ್ಲಿ ಹೆಂಚು ಹೊದಿಸಿದ ಒಂದು ಕೋಣೆ ಇತ್ತು. ಹಿಂದೆ ಅಲ್ಲಿ ಅಭಿಷೇಕದ ಹಂಡೆಗಳನ್ನು ಇಡುತ್ತಿದ್ದರು. ಒಂದು ವೈಶಾಖದಲ್ಲಿ ಜೈನ ಸನ್ಯಾಸಿನಿ ಆರ್ಯಿಕಾ ಶೀಲಕಾಂತಿಮತಿ ಮಾತಾಜಿಯವರು ಊರೂರಿಗೆ ಕಾಲ್ನಡಿಗೆಯ ವಿಹಾರದ ನಡುವೆ ಆ ಕೋಣೆಯಲ್ಲಿ ತಂಗಿದ್ದರು. ಮೈಮೇಲೆ ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಪಕ್ಕದಲ್ಲಿ ಕಮಂಡಲು, ಮಲಗಲು ಚಾಪೆ. ಅವರು ಪವಾಡ ಮಾಡಿದರೆಂದು ಯಾರೂ ಹೇಳುವುದಿಲ್ಲ, ಹೇಳಿದರೂ ನಂಬಬೇಕಾಗಿಲ್ಲ. ಇಲ್ಲಿರುವುದು ಅವರು ಊಟ ಬಿಟ್ಟು ಎದ್ದ ಒಂದು ದಿನದ ಸಂಗತಿ.

ಜೈನ ತ್ಯಾಗಿಗಳು ದಿನಕ್ಕೊಮ್ಮೆ ಶ್ರಾವಕ ಗೃಹಸ್ಥರ ಮನೆಯಲ್ಲಿ, ಜೋಡಿಸಿದ ಅಂಗೈಯಲ್ಲೇ ಆಹಾರ ಸ್ವೀಕರಿಸುತ್ತಾರೆ. ನೀರು ಕುಡಿಯುವುದೂ ಆಗಲೇ. ನಡುವೆ ಕೂದಲೋ ಹುಳುವೋ ಎಂಜಲೋ ಕಂಡಿತೆಂದರೆ ಅಂತರಾಯ. ಅಂಜಲಿ ಬಿಚ್ಚಿ ಎದ್ದುಬಿಡುತ್ತಾರೆ. ಮರುದಿನದವರೆಗೆ ಹನಿ ನೀರೂ ಇಲ್ಲ.

ಆ ದಿನ ಚಂಪಾವತಿಯ ಮನೆಯಲ್ಲಿ ಆಹಾರದ ಸಿದ್ಧತೆ ನಡೆದಿತ್ತು. ಗಂಡ ಜ್ವರದಿಂದ ಮಲಗಿದ್ದ. ಹಾಗಾಗಿ ಧಾರವಾಡದಿಂದ ರಜೆಗೆ ಬಂದಿದ್ದ ತಮ್ಮ ಭರತೇಶ ಚೌಗುಲೆಯವರಿಗೆ ಮಡಿ ಧೋತರ ಉಡಿಸಿದಳು. ಭರತೇಶರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿಸುತ್ತಿದ್ದರು. ದೇವರನ್ನು ಎಂ.ಎ. ಓದುವಾಗಲೇ ಬಿಟ್ಟಿದ್ದರು.

"ನನಗ ಇದರಾಗ ನಂಬಿಕಿ ಇಲ್ಲಕ್ಕಾ."

"ನಂಬು ಅಂತ ಯಾರಂದ್ರು? ಹೇಳೂದು ಹೇಳು ಸಾಕು. ಧೋತರಾ ಮಾತ್ರ ಬಿಗಿಯಾಗಿ ಕಟ್ಕೊ. ಹೋದ ಸಲ ಮಾನ ಕಳದೀದಿ."

ಚಂಪಾವತಿಯ ಮಗಳು ತ್ರಿಶಲಾಗೆ ಆಗಷ್ಟೇ ಎಂಟು ತುಂಬಿತ್ತು. ಎಂಟು ತುಂಬಿದ ಮಗು ಮಡಿಯ ಅಡಿಗೆಮನೆಗೆ ಬರಬಹುದು, ಆಹಾರ ನೀಡಲು ಕೈಜೋಡಿಸಬಹುದು. ಬೆಳಿಗ್ಗೆಯಿಂದ ಆಕೆ ಏನೂ ತಿಂದಿರಲಿಲ್ಲ. ತಾಯಿ ಬಾವಿಯ ನೀರು ಸೋಸಲು ಹಿತ್ತಲಿಗೆ ಹೋದಾಗ ಗೋಧಿ ಹುಗ್ಗಿಯ ಪಾತ್ರೆಗೆ ಬೆರಳದ್ದಿ ನೆಕ್ಕಿದಳು. ತಲೆ ಎತ್ತಿದರೆ ಬಾಗಿಲಲ್ಲಿ ಮಾಮಾ.

ಭರತೇಶರು ಕಣ್ಣು ಮಿಟುಕಿಸಿದರು. ತುಟಿಯ ಮೇಲೆ ಬೆರಳಿಟ್ಟರು. ಈ ವಯಸ್ಸಿನಲ್ಲಿ ಮಗುವಿಗೆ ತಪ್ಪೆಂದರೆ ಏಟು ಬೀಳುವ ಕೆಲಸ, ಅಷ್ಟೇ. ವರ್ಷಕ್ಕೊಮ್ಮೆ ಅವರು ಅದನ್ನೇ ಪಾಠ ಮಾಡುತ್ತಿದ್ದರು. ಏಟು ತಪ್ಪಿಸಿದರೆ ತಪ್ಪೂ ತಪ್ಪಿದಂತೆ.

ಮಾತಾಜಿಯವರು ಬಂದರು. ಹಿಂದಿನ ದಿನ ಚತುರ್ದಶಿಯ ಉಪವಾಸ. ತುಟಿಗಳು ಒಣಗಿ ಬಿರಿದಿದ್ದವು. ಮನೆಯವರು "ವಂದಾಮಿ ಮಾತಾಜಿ, ಅತ್ರ ತಿಷ್ಠ ತಿಷ್ಠ" ಎಂದು ಬರಮಾಡಿಕೊಂಡು ಪಾದ ತೊಳೆದರು. ಆಹಾರ ನೀಡುವವರು ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಭರತೇಶರು ತರಗತಿಯ ದನಿಯಲ್ಲಿ ಹೇಳಿದರು: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಆಹಾರ ಜಲ ಶುದ್ಧವಾಗಿದೆ."

ತ್ರಿಶಲಾ ಮಾಮಾನ ಮುಖ ನೋಡಿದಳು.

ಮಾತಾಜಿಯವರು ಕುಳಿತು ಅಂಜಲಿ ಜೋಡಿಸಿದರು. ಒಂದು ಅಂಜಲಿ ನೀರು ಇಳಿಯಿತು. ಚಂಪಾವತಿ ಹುಗ್ಗಿಯನ್ನು ಅಂಗೈಗೆ ಹಾಕಿದಳು. ಹುಡುಗಿ ಮತ್ತೆ ಮಾಮಾನ ಕಡೆ ನೋಡಿದಳು. ಸುಮ್ಮನಿರು ಎಂದು ಅವರು ಕಣ್ಣಲ್ಲೇ ಹೇಳಿದರು.

"ಬ್ಯಾಡ್ರಿ ಮಾತಾಜಿ! ನಾ ಅದರಾಗ ಬೆರಳ ಹಾಕಿ ನೆಕ್ಕೀನಿ."

ಮಾತಾಜಿಯವರು ಹುಡುಗಿಯನ್ನು ನೋಡಿದರು. ಅಂಗೈ ಬಿಚ್ಚಿದರು. ಹುಗ್ಗಿ ಕೆಳಗಿನ ಪಾತ್ರೆಗೆ ಬಿತ್ತು. ಕೈ ತೊಳೆದು, ಪಿಂಛಿ ಎತ್ತಿಕೊಂಡು ಬಿಸಿಲಿಗೆ ಇಳಿದು ನಡೆದರು.

ಚಂಪಾವತಿ ಮಗಳ ಕೆನ್ನೆಗೆ ಬಾರಿಸಿದಳು. "ಬಾಯಿ ಮುಚ್ಕೊಂಡಿದ್ರ ಯಾರಿಗೆ ಗೊತ್ತಾಗತಿತ್ತ?"

ನೆರೆಮನೆಯಾಕೆ ಬಾಗಿಲಿಗೆ ಬಂದಿದ್ದಳು. "ನಿನ್ನೆ ಉಪಾಸ, ಇವತ್ತ ಅಂತರಾಯ. ಭಾಳ ಪುಣ್ಯಾ ಕಟ್ಕೊಂಡ್ರಿ ಬಿಡವ್ವಾ!"

ತ್ರಿಶಲಾ ಕಾಳಿನ ಕಣಜದ ಹಿಂದೆ ಹೋಗಿ ಕುಳಿತಳು. ನೀರು ಕೊಟ್ಟರೆ ಮುಖ ತಿರುಗಿಸಿದಳು.

ಮಧ್ಯಾಹ್ನ ಭರತೇಶರು ಬಸದಿಗೆ ಹೋದರು. ನಮಸ್ಕಾರ ಮಾಡಲಿಲ್ಲ.

"ನೀವು ಕಣ್ಣ ಮುಚ್ಚಿ ಉಂಡಿದ್ರ ಏನ ಹಾಳಾಗತಿತ್ತ ಮಾತಾಜಿ? ಒಂದು ಬೆರಳು! ಖರೇ ಹೇಳಿದ್ದಕ್ಕ ಆಕಿಗೆ ಏಟು ಬಿತ್ತು, ನಿಮಗ ಊಟ ತಪ್ಪಿತು. ಈಗ ಆಕೀನೂ ನೀರ ಮುಟ್ಟವಲ್ಲಳು. ಇನ್ನ ಆಕಿ ಜನ್ಮದಾಗ ಖರೇ ಹೇಳ್ತಾಳೇನು?"

ಹೆಂಚು ಕಾದು ಕೋಣೆ ಬೇಯುತ್ತಿತ್ತು. ಮಾತಾಜಿಯವರ ದನಿ ಒಣಗಿತ್ತು. ಆದರೆ ಅದರಲ್ಲಿ ಬೇಸರವಿರಲಿಲ್ಲ.

"ನಾ ಉಂಡಿದ್ರ, ಆಕಿ ಮಾತಿಗೆ ಏನ ಬೆಲಿ ಉಳೀತಿತ್ತು ತಮ್ಮಾ?"

ಭರತೇಶರು ಶಾಸ್ತ್ರಕ್ಕೆ, ಕರ್ಮಕ್ಕೆ, ಸಂಪ್ರದಾಯಕ್ಕೆ ಉತ್ತರ ಕಟ್ಟಿಕೊಂಡು ಬಂದಿದ್ದರು. ಮಾತಾಜಿಯವರು ಅದ್ಯಾವುದನ್ನೂ ಎತ್ತಲಿಲ್ಲ. ಮಗು ಭಯ ನುಂಗಿ ಒಂದು ಮಾತು ಆಡಿತ್ತು. ಊರಿನಲ್ಲಿ ಅದನ್ನು ನಿಜವೆಂದು ನಡೆಸಿಕೊಂಡವರು ಈ ಒಬ್ಬರೇ. ಅದೂ ತಮ್ಮ ಹೊಟ್ಟೆಯ ಮೇಲೆ.

ಮಾತಾಜಿಯವರೇ ಮತ್ತೆ ಕೇಳಿದರು:

"ಹೇಳೂ ಮೊದಲ ಆಕಿ ಯಾರ ಮಾರಿ ನೋಡಿದ್ಲು?"

ಭರತೇಶರು ನೆಲ ನೋಡಿದರು.

"ನನ್ನ ಉಪಾಸ ನಂದು. ಆಕಿಗೆ ಉಣ್ಣಾಕ ಹೇಳ್ರಿ."

ಭರತೇಶರು ಮನೆಗೆ ಬಂದು ಕಣಜದ ಹತ್ತಿರ ಕುಕ್ಕರಗಾಲಲ್ಲಿ ಕುಳಿತರು. ಅಲ್ಲಿಂದಲೇ ಕೂಗಿ ಹೇಳಿದರು: "ಅಕ್ಕಾ, ಆಕಿ ಬೆರಳ ಹಾಕಿದ್ದ ನಾ ನೋಡಿದ್ದೆ. ನೋಡೇ ಶುದ್ಧ ಅಂದೆ. ಸುಮ್ಮನಿರು ಅಂದಾಂವನೂ ನಾನ. ಹೊಡಿಯೂದಿದ್ರ ನನಗ ಹೊಡಿ."

ಚಂಪಾವತಿ ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಕಣಜದ ಹಿಂದಿನಿಂದ ಸಣ್ಣ ದನಿ ಬಂತು:

"ನಾ ನಿನ್ನ ಹೆಸರ ಹೇಳಲಿಲ್ಲ ಮಾಮಾ."

ತನ್ನ ತಪ್ಪನ್ನು ಒಪ್ಪಿ ಭರತೇಶರದನ್ನು ಮುಚ್ಚಿಟ್ಟಿದ್ದ ಆ ಎಂಟು ವರ್ಷದವಳು ಅವರ ಯಾವ ಪಾಠದಲ್ಲೂ ಇರಲಿಲ್ಲ. "ಮಾತಾಜಿ ಉಣ್ಣಾಕ ಹೇಳ್ಯಾರ" ಎಂದಷ್ಟೇ ಹೇಳಿದರು. ಆಗ ಕೈ ಹೊರಬಂದು ನೀರಿನ ತಂಬಿಗೆ ಹಿಡಿಯಿತು. ತಾಯಿ ಬಂದು ಪಕ್ಕದಲ್ಲಿ ಕುಳಿತಳು. ಕೆನ್ನೆ ಸವರಿದಳು.

ಮರುದಿನ ಬೀದಿಯ ಮನೆಮನೆಯ ಬಾಗಿಲಲ್ಲೂ ಜನ ನಿಂತು ಮಾತಾಜಿಯವರನ್ನು ಆಹಾರಕ್ಕೆ ಕರೆಯುತ್ತಿದ್ದರು. ಚಂಪಾವತಿಯ ಬಾಗಿಲಲ್ಲಿ ಮಾತ್ರ, ಮಡಿಯ ಅಡಿಗೆ ಸಿದ್ಧವಿದ್ದರೂ, ದನಿ ಏಳಲಿಲ್ಲ. ನಿನ್ನೆಯ ನಾಚಿಕೆ ಇನ್ನೂ ಅಲ್ಲೇ ಇತ್ತು. ತ್ರಿಶಲಾ ಒಬ್ಬಳೇ ಮೆಲ್ಲಗೆ "ವಂದಾಮಿ ಮಾತಾಜಿ" ಎಂದಳು. ಮಾತಾಜಿಯವರು ಉಳಿದ ಬಾಗಿಲುಗಳನ್ನೆಲ್ಲ ದಾಟಿ ಬಂದು ಅವಳ ಮುಂದೆ ನಿಂತರು.

ಪಾದ ತೊಳೆದದ್ದಾಯಿತು. ಮಾತು ಹೇಳುವ ಸರದಿ ಭರತೇಶರದು. ಬಾಯಿ ತೆರೆದವರು ನಿಲ್ಲಿಸಿದರು. ಪಾತ್ರೆಗಳ ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗಳ ಮುಖ ನೋಡಿದರು.

ತ್ರಿಶಲಾ ಒಂದೊಂದೇ ಮುಚ್ಚಳ ತೆಗೆದು ಇಣುಕಿದಳು. ಆಮೇಲೆ ತಲೆಯಾಡಿಸಿದಳು.

ದೇವರ ವಿಷಯದಲ್ಲಿ ಭರತೇಶರ ಅಭಿಪ್ರಾಯ ಕೊನೆಯವರೆಗೂ ಬದಲಾಗಲಿಲ್ಲ. ಆದರೆ ಅಂದು "ಆಹಾರ ಜಲ ಶುದ್ಧವಾಗಿದೆ" ಎಂದಾಗ ಅವರ ದನಿ ನಡುಗಿತು. ಮಾತಾಜಿಯವರು ಆ ಮಾತನ್ನು ನಂಬಿ ಅಂಜಲಿ ಜೋಡಿಸಿದರು.