ಸಣ್ಣೀರಮ್ಮನ ತಲೆಗೆ ಒಗ್ಗಿದ ಹರಿಗೋಲು

ಕಾಲು ಚಾಚಿ ಮಲಗಿಕೋ ಕೂಸೇ, ಹೇಳ್ತೀನಿ. ಹೊಳೆಗೆ ಇನ್ನೂ ಯಾರೂ ಸೇತುವೆ ಕಟ್ಟದಿದ್ದ ಒಂದಾನೊಂದು ಕಾಲದಲ್ಲಿ, ಈ ದಡದ ಊರಲ್ಲಿ ಒಬ್ಬ ಮೇದಾರ ಇದ್ದನಂತೆ. ಬಿದಿರು ಸೀಳಿ ಬುಟ್ಟಿ, ಮೊರ, ಹರಿಗೋಲು ಹೆಣೆಯೋದು ಅವನ ಕಸುಬು. ಅವನಿಗೆ ಭರಮಪ್ಪ, ಓಬಳೇಶ, ಹುಲಿಗೆವ್ವ ಅಂತ ಮೂರು ಮಕ್ಕಳು ಮನೆಯಲ್ಲಿ, ಇನ್ನೊಬ್ಬ ಮಗಳು ಮಲ್ಲವ್ವ, ಅವಳನ್ನ ಹೊಳೆಯಾಚೆ ಹಟ್ಟಿಗೆ ಕೊಟ್ಟಿದ್ದರಂತೆ. ಆ ಹಟ್ಟಿಯಲ್ಲಿ ಸೂಲಗಿತ್ತಿ ಇರಲಿಲ್ಲ, ಇದ್ದ ಒಬ್ಬಳೇ ಸೂಲಗಿತ್ತಿ ಸಣ್ಣೀರಮ್ಮ, ಅವಳ ಮನೆ ಈಚೆ ದಡದಲ್ಲಿ. ಹಿಂದಿನ ಮಳೆಗಾಲ ಹೊಳೆ ತುಂಬಿ, ಸಣ್ಣೀರಮ್ಮ ದಾಟಲಾಗದೆ, ಆಚೆ ಒಬ್ಬಳು ಹೆರಲಾರದೆ ಸತ್ತಿದ್ದಳಂತೆ. ಈ ಸಲ ಬಸುರಿ ಮಲ್ಲವ್ವ, ದಿನ ತುಂಬೋದು ಆರಿದ್ರಾ ಮಳೆಗೆ. ಹುಲಿಗೆವ್ವ ದಿನಾ ಹೊಳೆದಂಡೆಗೆ ಹೋಗಿ ಅಕ್ಕತಂಗಿಯ ಹಟ್ಟಿ ಕಡೆ ನೋಡಿ ಬರುತ್ತಿದ್ದಳಂತೆ.

ಊರವರು ಕೋಟೆಗೆ ಹೋಗಿ ನಾಯಕನ ಮುಂದೆ ಅತ್ತರಂತೆ. ನಾಯಕ ಒಂದು ಹರಿಗೋಲು ಮಾಡಿಸಿ ಅಂತ ಅಪ್ಪಣೆ ಕೊಟ್ಟ. ಯಾರು ದಾಟಬೇಕು, ಹೇಗೆ ದಾಟಬೇಕು ಅಂತ ಕೇಳಲಿಲ್ಲ. ಮೇಲೆ ನೆರಳಿಗೆ ಮೇಕಟ್ಟು ಇರಲಿ, ಅಂಚಿಗೆ ಹಿತ್ತಾಳೆಯ ಹುಲಿಮುಖ ಇರಲಿ, ಕೋಟೆಯದು ಅಂತ ನೋಡಿದವರಿಗೆ ತಿಳೀಬೇಕು, ಅಷ್ಟು ಹೇಳಿ ಎದ್ದು ಹೋದನಂತೆ.

ಆಮೇಲೆ ಹಿರಿಯವನು ಭರಮಪ್ಪ ಹನ್ನೆರಡು ಜನ ಕೂರುವಂಥ ಹರಿಗೋಲು ಹೆಣೆದನಂತೆ. ನೀರಿಗೆ ಬಿಟ್ಟರೆ ತಾವರೆ ಎಲೆ ಹಾಗೆ ತೇಲಿತು, ನಾಯಕನೂ ತಲೆದೂಗಿದ. ಆದರೆ ಆ ಹೊಳೆಯ ಸೆಳೆತ ಎಂಥದ್ದು ಅಂದರೆ, ಊರ ಮುಂದೆ ಇಳಿದರೆ ಹಟ್ಟಿ ಸಿಗೋದಿಲ್ಲ, ಕೆಳಗಿನ ಕಲ್ಲುಗಳಿಗೆ ಬಡಿಯುತ್ತೆ. ಹರಿಗೋಲನ್ನ ದಡದ ಮೇಲೆ ಹೊತ್ತು, ಬಹುದೂರ ಮೇಲಕ್ಕೆ ನಡೆದು, ಅಲ್ಲಿಂದ ಬಿಡಬೇಕು. ವಾಪಸು ಬರುವಾಗ ಮತ್ತೆ ಊರಿನ ಕೆಳಕ್ಕೆ ಬಂದು ತಾಗುತ್ತೆ, ಮತ್ತೆ ಹೊರಬೇಕು. ಆ ದಾರಿಯಲ್ಲಿ ಎರಡು ಬಂಡೆ, ಅವುಗಳ ನಡುವೆ ಯಾರಿಗೂ ಸಲೀಸಾಗಿ ದಾರಿ ಸಿಗದು ಅಂತ ಅತ್ತೆಬಂಡೆ, ಸೊಸೆಬಂಡೆ ಅಂತ ಹೆಸರು. ಎಂಟು ಆಳು ಹೊತ್ತ ಭರಮಪ್ಪನ ಹರಿಗೋಲು ಅಲ್ಲಿ ಸಿಕ್ಕಿಕೊಂಡಿತು. ಅತ್ತೆಯೂ ಬಿಡಲಿಲ್ಲ, ಸೊಸೆಯೂ ಬಿಡಲಿಲ್ಲ, ಕೊನೆಗೆ ಕತ್ತಿಯಲ್ಲಿ ಸೀಳಿ ತೆಗೆದರಂತೆ.

ಆಮೇಲೆ ಓಬಳೇಶ, ಅಣ್ಣ ದೊಡ್ಡದು ಮಾಡಿ ಕೆಟ್ಟ, ನಾನು ಸಣ್ಣದು ಮಾಡ್ತೀನಿ ಅಂದನಂತೆ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ, ಬಂಡೆಗಳ ನಡುವೆ ನೀರಿನ ಹಾಗೆ ದಾಟಿತು. ಸಣ್ಣೀರಮ್ಮ ಹುಟ್ಟು ಹಿಡಿದು ಹತ್ತಿ ನಿಂತಳು, ಹತ್ತು ಮಾರು ಹೋಗಿರಲಿಲ್ಲ, ಗಿರ್ರನೆ ತಿರುಗಿ ಮಗುಚಿತು. ಪುಣ್ಯಕ್ಕೆ ಎದೆಮಟ್ಟದ ನೀರು. ಸೀರೆ ಹಿಂಡಿಕೊಂಡು ದಡಕ್ಕೆ ಬಂದವಳು, ಓಬಳೇಶಪ್ಪಾ, ಮೊರದಾಗೆ ಹಾಕಿ ಕೇರಿದಂಗಾತಲ್ಲೋ ನನ್ನ ಅಂದಳಂತೆ. ಎಲ್ಲರೂ ನಕ್ಕರು. ಹುಲಿಗೆವ್ವ ನಗಲಿಲ್ಲವಂತೆ.

ಆರಿದ್ರಾಕ್ಕೆ ಇನ್ನು ಹದಿನೈದು ದಿನ. ಹುಲಿಗೆವ್ವ ಬಿದಿರು ಮುಟ್ಟದೆ ಒಂದು ಹುರಿ ಹಿಡಿದು ಸಣ್ಣೀರಮ್ಮನ ಮನೆಗೆ ಹೋದಳಂತೆ. ಯಮ್ಮಾ, ಅಂಬಿಗರು ಯಾರಾದರೂ ಜೊತೆಗೆ ಬರ್ತಾರಾ ಅಂದಳು. ಎಲ್ಲಿ ಬರ್ತಾರವ್ವಾ, ಮಳೆಗಾಲದಾಗೆ ಅವರನ್ನೆಲ್ಲ ಕೋಟೆ ಕಡವಿಗೆ ದೋಣಿ ಹಾಕೋಕೆ ಎಳಕೊಂಡು ಹೋಗ್ತಾರೆ, ನಾನೂ ಅಂಬಿಗರ ಮಗಳೇ, ಹುಟ್ಟು ನಾನೇ ಹಾಕಬೇಕು, ನಾನೇ ಹೊರಬೇಕು ಅಂದಳು ಸಣ್ಣೀರಮ್ಮ. ಆ ಮಾತು ಮರೆಯದ ಹಾಗೆ ಹುಲಿಗೆವ್ವ ಹುರಿಗೆ ಒಂದು ಗಂಟು ಹಾಕಿದಳು. ಬುಟ್ಟಿಯಲ್ಲಿ ಮರಳು ತುಂಬಿ ಸಣ್ಣೀರಮ್ಮನ ತಲೆ ಮೇಲೆ ಹೊರಿಸಿ ಬಂಡೆದಾರಿ ನಡೆಸಿದಳು, ಮರುದಿನ ಇನ್ನೊಂದು ಬೊಗಸೆ, ಅದರ ಮರುದಿನ ಮತ್ತೊಂದು. ಸಾಕು ತಾಯೀ, ಕುತ್ತಿಗೆ ಮುರಿದೀತು ಅಂದಲ್ಲಿಗೆ ನಿಲ್ಲಿಸಿ ಇನ್ನೊಂದು ಗಂಟು. ಬಂಡೆಗಳ ನಡುವೆ ಹುರಿ ಹಿಡಿದು ಅಗಲ ಅಳೆದು ಮತ್ತೊಂದು. ಆಮೇಲೆ, ಓಬಳೇಶಣ್ಣನ ಹರಿಗೋಲಿನಾಗೆ ಯಾಕೆ ನಿಂತ್ಕೊಂಡಿದ್ದೆ ಅಂತ ಕೇಳಿದಳಂತೆ. ಮೊಣಕಾಲು ಮಡಚೋಕೆ ಬರಲ್ಲ ಕಣೇ, ಆರು ವರ್ಷ ಆತು ಅಂದಳು ಸಣ್ಣೀರಮ್ಮ. ಅಣ್ಣಂದಿರಿಗೆ ಯಾಕೆ ಹೇಳಲಿಲ್ಲ ಅಂದಳು ಹುಲಿಗೆವ್ವ. ನನ್ನ ಯಾರು ಕೇಳಿದರು? ಅವರು ಕೇಳಿದ್ದು ನಾಯಕನ್ನ.

ಹುಲಿಗೆವ್ವ ನಾಲ್ಕನೇ ಗಂಟು ಹಾಕಿದಳಂತೆ. ಮನೆಗೆ ಬಂದರೆ ಅಪ್ಪ, ಮುಂಗಾರು ಬಾಗಿಲಿಗೆ ಬಂತು, ಇನ್ನೂ ಕತ್ತಿ ಹಿಡಿದಿಲ್ಲವಲ್ಲೇ ಅಂದ. ಭರಮಪ್ಪ, ಬಿಡಪ್ಪಾ, ಗಂಟಿನ ಮ್ಯಾಲೆ ಕೂರಿಸಿ ದಾಟಿಸ್ತಾಳೆ ಅಂದ. ಹುಲಿಗೆವ್ವ ತಲೆ ಎತ್ತದೆ, ಯಣ್ಣಾ, ಏನು ಮಾಡಬೇಕು ಅಂತ ನಿಮಗೆ ಗೊತ್ತಿತ್ತು, ಏನು ಆಗೋದಿಲ್ಲ ಅಂತ ಗೊತ್ತಿರಲಿಲ್ಲ, ನೀವು ಹೊಳೆ ಅಳೆದಿರಿ, ಹೊಳೆ ದಾಟೋಳನ್ನ ಅಳೀಲಿಲ್ಲ ಅಂದಳಂತೆ.

ಆಮೇಲೆ ಅವಳು ಕೋಟೆಗೆ ಹೋಗಿ ಹುರಿ ತೋರಿಸಿದಳಂತೆ. ನಾಯಕರೇ, ಈ ನಾಲ್ಕು ಗಂಟಿನಲ್ಲಿ ಒಂದನ್ನ ಬಿಟ್ಟರೂ ಸಣ್ಣೀರಮ್ಮ ಆ ದಡ ಸೇರೋದಿಲ್ಲ. ಮೇಕಟ್ಟು, ಹುಲಿಮುಖ ಎರಡೂ ಸೇರಿ ಅವಳು ಹೊರೋ ಭಾರದಲ್ಲಿ ಕಾಲುಪಾಲು. ಅವು ಇಲ್ಲದಿದ್ದರೆ ಆಕೆ ದಾಟಲಾರಳಾ ಅಂತ ಕೇಳಿದಳು. ನಾಯಕ ಹುರಿಯ ಗಂಟು ಮುಟ್ಟಿ ನೋಡಿ, ದಾಟಿಯಾಳು ಅಂದ. ಹಾಗಾದರೆ ಅದು ನಿಮ್ಮ ಆಸೆ, ಅದಕ್ಕೆ ನಾನು ಗಂಟು ಹಾಕೋದಿಲ್ಲ ಅಂದಳಂತೆ. ನಾಯಕ ಕೈಬೀಸಿ, ನಿನಗೆ ತಿಳಿದಂತೆ ಮಾಡು ಅಂದನಂತೆ.

ಆಮೇಲೆ ಹೆಣಿಗೆ ಶುರುವಾಯಿತು. ಬಂಡೆಸಂದಿಗಿಂತ ನಾಲ್ಕು ಬೆರಳು ಕಿರಿದು, ಆದರೆ ಓಬಳೇಶನದಕ್ಕಿಂತ ಆಳ. ತಳದಲ್ಲಿ ಹೆಣಿಗೆ ಒತ್ತಾಗಿ, ಮೇಲೆ ಬರಬರುತ್ತ ವಿರಳವಾಗಿ. ಮೇಕಟ್ಟು, ಹುಲಿಮುಖ ಬಿಟ್ಟದ್ದರಿಂದ ಉಳಿದ ಭಾರಕ್ಕೆ ಒಂದು ಹಲಗೆ ಅಡ್ಡ ಕಟ್ಟಿದಳು, ನೀರಲ್ಲಿ ಸಣ್ಣೀರಮ್ಮ ಅದರ ಮೇಲೆ ಕಾಲು ಚಾಚಿ ಕೂತಳು, ದಡದಲ್ಲಿ ಮಗುಚಿ ಹೊತ್ತರೆ ಅದೇ ಹಲಗೆ ಅವಳ ಹೆಗಲ ಮೇಲೆ ಕೂತಿತು.

ಆರಿದ್ರಾ ಹುಯ್ಯಿತು. ಹೊಳೆ ಕೆಂಪಾಗಿ ಉಕ್ಕಿತು. ಒಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಆಚೆ ದಡದಲ್ಲಿ ಹೊಗೆ ಎದ್ದಿತು, ಹೆರಿಗೆ ನೋವು ಬಂದರೆ ಹಾಗೆ ಹೊಗೆ ಹಾಕಬೇಕು ಅಂತ ಮಾತಾಗಿತ್ತಂತೆ. ಸಣ್ಣೀರಮ್ಮ ಹರಿಗೋಲು ಹೊತ್ತು ಬಂಡೆಗಳ ನಡುವೆ ನುಸುಳಿ ಮೇಲಕ್ಕೆ ನಡೆದಳು. ನೀರಿಗೆ ಬಿದ್ದ ಹರಿಗೋಲು ತಿರುಗಿತು, ಮತ್ತೆ ತಿರುಗಿತು, ದಡದಲ್ಲಿ ನಿಂತ ಹುಲಿಗೆವ್ವನ ಕೈಯಲ್ಲಿದ್ದ ಗಂಟಿನ ಹುರಿ ಬೆರಳು ಕೊಯ್ದದ್ದು ಅವಳಿಗೆ ತಿಳಿಯಲಿಲ್ಲ. ಸಣ್ಣೀರಮ್ಮ ಹುಟ್ಟು ಒತ್ತಿ ಹಿಡಿದಳು, ಹರಿಗೋಲು ಹಟ್ಟಿಯ ದಡಕ್ಕೆ ಹೋಗಿ ತಾಗಿತು.

ಮರುದಿನ ಬಿಸಿಲೇರಿದ ಮೇಲೆ ಸಣ್ಣೀರಮ್ಮ ಎಲೆಅಡಿಕೆ ಜಗಿಯುತ್ತ ತಿರುಗಿ ಬಂದಳಂತೆ. ಹೆಣ್ಣು ಕಣವ್ವಾ, ತಾಯಿ ಮಗು ಇಬ್ಬರೂ ಗಟ್ಟಿ, ನಿನ್ನಂಗೇ ಅದು, ಹೊರಗೆ ಬರೋಕೆ ಮೂರು ಸಲ ಯೋಚನೆ ಮಾಡ್ತು ಅಂದಳು. ಹುಲಿಗೆವ್ವ ಅಲ್ಲೇ ಮರಳಲ್ಲಿ ಕೂತು ಅತ್ತುಬಿಟ್ಟಳಂತೆ.

ನಾಯಕನಿಗೆ ಬಲು ಸಂತೋಷವಾಗಿ, ನನ್ನ ಸೀಮೆಯ ಹತ್ತೂ ಕಡವಿಗೆ ಇಂಥದೇ ಹತ್ತು ಹರಿಗೋಲು ಹೆಣೆ ಅಂದನಂತೆ. ಇಂಥದು ಹೆಣೆಯೋದಿಲ್ಲ ನಾಯಕರೇ, ಅಲ್ಲಿ ದಾಟೋರು ಯಾರೋ, ಹೊರೋರು ಯಾರೋ, ಮೊದಲು ಅವರನ್ನ ಕಂಡು ಬರ್ತೀನಿ ಅಂತ ಹೇಳಿ, ಹೊಸ ಹುರಿ ಸುತ್ತಿಕೊಂಡು ಅವಳು ಮುಂದಿನ ಕಡವಿನ ದಾರಿ ಹಿಡಿದಳಂತೆ. ಅವಳು ಆ ಊರು ಸೇರಿದಳು, ನನ್ನ ಕತೆಯೂ ದಡ ಸೇರಿ ಮುಗೀತು. ಕಣ್ಣು ಮುಚ್ಚು ಕೂಸೇ.